ಬೆರಳಿಗೆ ಸಿಗದ ಬಟನ್, ಕಣ್ಣಿಗೆ ಕಾಣದ ದಾರಿ

ಹೋದ ತಿಂಗಳು ಇದೇ ಅಂಕಣದಲ್ಲಿ, ನಿಮ್ಮ ಫೋನಿನ ಯಾವ ಆ್ಯಪ್ ನಿಮಗೆ ಕಿರಿಕಿರಿ ಮಾಡುತ್ತದೆ, ಯಾಕೆ ಅಂತ ಕೇಳಿದ್ದೆ. ಬಳಸುವವರೂ ಬರೆದಿದ್ದೀರಿ, ಆ್ಯಪ್ ಮಾಡುವವರೂ ಬರೆದಿದ್ದೀರಿ. ಎರಡೂ ಕಡೆಯ ಪತ್ರಗಳನ್ನು ಒಟ್ಟಿಗೆ ಹರಡಿಕೊಂಡು ಓದಿದಾಗ ಒಂದು ವಿಷಯ ಮನಸ್ಸಿಗೆ ನಾಟಿತು. ಬಳಸುವವರು 'ನನಗೇ ಗೊತ್ತಾಗಲಿಲ್ಲ' ಅಂತ ತಮ್ಮನ್ನು ಬೈದುಕೊಂಡಿದ್ದಾರೆ. ಮಾಡುವವರು 'ಜನ ಸರಿಯಾಗಿ ಓದುವುದೇ ಇಲ್ಲ' ಅಂತ ಜನರ ಮೇಲೆ ಬೇಸರ ಮಾಡಿಕೊಂಡಿದ್ದಾರೆ. ಇಬ್ಬರ ನಡುವೆ ಇರುವ ಪರದೆಯ ಬಗ್ಗೆ ಮಾತಾಡೋಣ ಬನ್ನಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಎಂಟು ಮಾಡಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಲೆಕ್ಕಪತ್ರ ಎಲ್ಲ ಚುರುಕಾಗಿ ನೋಡಿಕೊಳ್ಳುತ್ತಿದ್ದವರು. ಫೋನ್ ಕೈಗೆ ಕೊಟ್ಟರೆ ಮಾತ್ರ ಎರಡೇ ನಿಮಿಷಕ್ಕೆ 'ನಂಗೆ ಇದೆಲ್ಲ ಬರಲ್ಲಪ್ಪ' ಅಂತ ಕೆಳಗಿಡುತ್ತಾರೆ. ಎಷ್ಟು ಸಲ ಹೇಳಿಕೊಟ್ಟರೂ ಮರೆಯುತ್ತಾರೆ. ಹೇಗೆ ಕಲಿಸಲಿ?

ಉತ್ತರ: ಮೊದಲು ಅವರಿಗೆ ಒಂದು ಮಾತು ಹೇಳಿ, ತಪ್ಪು ನಿಮ್ಮದಲ್ಲ ಅಂತ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಬಳಕೆಯ ಸುಲಭತೆ ಅಂದರೆ ಏನು ಅಂತ ಹೇಳಲು ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 9241ರ 11ನೇ ಭಾಗ. 1998ರಲ್ಲಿ ಬಂತು, 2018ರಲ್ಲಿ ಪರಿಷ್ಕರಿಸಿದರು. ಅದರ ಸಾರ ಇಷ್ಟು: ಇಂಥ ಜನಕ್ಕೆ, ಇಂಥ ಕೆಲಸವನ್ನು, ಇಂಥ ಸನ್ನಿವೇಶದಲ್ಲಿ ಪೂರ್ತಿ ಮಾಡಿ ಮುಗಿಸಲು ಆಗುತ್ತದಾ, ಹೆಚ್ಚು ಶ್ರಮವಿಲ್ಲದೆ ಆಗುತ್ತದಾ, ಮುಗಿಸಿದ ಮೇಲೆ ಸಮಾಧಾನ ಇರುತ್ತದಾ? 'ಇಂಥ ಜನಕ್ಕೆ' ಅನ್ನುವ ಮಾತು ಮುಖ್ಯ. ಯಾವ ಆ್ಯಪೂ ತನ್ನಷ್ಟಕ್ಕೆ ಸುಲಭ ಆಗಿರುವುದಿಲ್ಲ, ಯಾರಿಗೆ ಸುಲಭ ಅಂತ ಕೇಳಬೇಕು. 25ರ ಹುಡುಗನಿಗೆ ಸಲೀಸಾಗಿ ಬಂದದ್ದು ನಿಮ್ಮ ತಂದೆಗೆ ಬರಲಿಲ್ಲ ಅಂದರೆ, ಮಾಡಿದವರು ಅವರಂಥವರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ ಅರ್ಥ.

ಇನ್ನು 'ಮರೆಯುತ್ತಾರೆ' ಅಂದಿರಲ್ಲ, ಅದರ ಬಗ್ಗೆ. ಯಾಕೋಬ್ ನೀಲ್ಸನ್ ಅಂತ ಬಳಕೆಯ ಸುಲಭತೆಯ ತಜ್ಞರೊಬ್ಬರು 1994ರಲ್ಲಿ ಹತ್ತು ಸೂತ್ರಗಳನ್ನು ಪಟ್ಟಿ ಮಾಡಿದರು, ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ಅವು ಬಾಯಿಪಾಠ. ಅವುಗಳಲ್ಲಿ ಒಂದು: ನೆನಪಿನಿಂದ ತೆಗೆಯುವುದಕ್ಕಿಂತ ಕಣ್ಣಿಂದ ನೋಡಿ ಗುರುತಿಸುವುದು ಸುಲಭ, ಹಾಗಾಗಿ ಬೇಕಾದದ್ದನ್ನು ಕಣ್ಣೆದುರು ಇಡಿ. ಈಗಿನ ಫೋನ್ ನೋಡಿ. ಹಿಂದೆ ಹೋಗಬೇಕಾ? ಅಂಚಿನಿಂದ ಒಳಕ್ಕೆ ಬೆರಳು ಜಾರಿಸಿ. ಸಂದೇಶ ಅಳಿಸಬೇಕಾ? ಒತ್ತಿ ಹಿಡಿಯಿರಿ. ಇನ್ನೊಂದು ಆ್ಯಪ್‌ನಲ್ಲಿ ಅದೇ ಕೆಲಸಕ್ಕೆ ಪಕ್ಕಕ್ಕೆ ಎಳೆಯಿರಿ. ಇದ್ಯಾವುದೂ ಪರದೆ ಮೇಲೆ ಬರೆದಿಲ್ಲ. ಗೊತ್ತಿದ್ದವರಿಗೆ ಮಾತ್ರ ಗೊತ್ತು. ಮೂರು ಅಡ್ಡಗೆರೆಯ ಐಕಾನ್ ಇರುತ್ತಲ್ಲ, ಅದನ್ನು ನಾರ್ಮ್ ಕಾಕ್ಸ್ ಎಂಬುವರು 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರ್‌ಗಾಗಿ ಬರೆದದ್ದು, ಮೆನು ಪಟ್ಟಿಯ ಹಾಗೆ ಕಾಣಲಿ ಅಂತ. ನಿಮಗೆ ಅದು ಮೆನು. ಮೊದಲ ಸಲ ನೋಡುವವರಿಗೆ ಬರೀ ಮೂರು ಗೆರೆ. ಅದರ ಕೆಳಗೆ 'ಮೆನು' ಅಂತ ಎರಡಕ್ಷರ ಬರೆದರೆ ಎಷ್ಟೋ ಜನಕ್ಕೆ ದಾರಿ ಸಿಗುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು: ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿ. ಆಂಡ್ರಾಯ್ಡ್ ಆದರೆ ಬೆರಳು ಜಾರಿಸುವ ಬದಲು ಕೆಳಗೆ ಮೂರು ಬಟನ್ ಬರುವ ಹಾಗೆ ಬದಲಾಯಿಸಿ, ಆ ಆಯ್ಕೆ ಇನ್ನೂ ಇದೆ, ಹಿಂದೆ ಹೋಗುವ ಬಟನ್ ಯಾವಾಗಲೂ ಕಣ್ಣಿಗೆ ಕಾಣುತ್ತಿರುತ್ತದೆ. ಮೊದಲ ಪರದೆಯಲ್ಲಿ ಅವರು ದಿನಾ ಬಳಸುವ ನಾಲ್ಕೈದು ಆ್ಯಪ್ ಬಿಟ್ಟು ಬೇರೆ ಎಲ್ಲ ತೆಗೆಯಿರಿ. ಮತ್ತೆ, ದಯವಿಟ್ಟು, 'ಕೊಡಿ ಇಲ್ಲಿ' ಅಂತ ಫೋನನ್ನು ಅವರ ಕೈಯಿಂದ ಕಿತ್ತುಕೊಂಡು ಟಕಟಕ ಅಂತ ನೀವೇ ಮಾಡಿ ವಾಪಸ್ ಕೊಡಬೇಡಿ. ಬೆರಳು ಅವರದ್ದೇ ಇರಲಿ. ನಿಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ, ಬಾಯಲ್ಲಿ ಮಾತ್ರ ಹೇಳಿ.

ಪ್ರಶ್ನೆ: ನಾನು ಆ್ಯಪ್ ವಿನ್ಯಾಸ ಕಲಿಯುತ್ತಿದ್ದೇನೆ. ಬಟನ್ ಎಷ್ಟು ದೊಡ್ಡದಿರಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಆ್ಯಪಲ್ ಹೇಳುವುದು ಕನಿಷ್ಠ 44 ಪಾಯಿಂಟ್ ಅಗಲ, 44 ಪಾಯಿಂಟ್ ಎತ್ತರ. ಗೂಗಲ್ ಆಂಡ್ರಾಯ್ಡ್‌ಗೆ ಹೇಳುವುದು 48 ಡಿಪಿ. ಪಾಯಿಂಟ್, ಡಿಪಿ ಎರಡೂ ಪರದೆಯ ಮೇಲಿನ ಅಳತೆಯ ಮಾನಗಳು. ಎಲ್ಲರಿಗೂ ಬಳಸಲು ಬರಬೇಕು ಅಂತ ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.2ನೇ ಆವೃತ್ತಿ, 2023ರ ಅಕ್ಟೋಬರ್‌ನಲ್ಲಿ ಬಂದದ್ದು, 24 ಪಿಕ್ಸೆಲ್‌ಗಿಂತ ಕಡಿಮೆ ಮಾಡಬೇಡಿ ಅನ್ನುತ್ತದೆ. ಆದರೆ ಅದು ಇದಕ್ಕಿಂತ ಕೆಳಗೆ ಇಳಿಯಬೇಡಿ ಅನ್ನುವ ಗಡಿ, ಇಷ್ಟಿದ್ದರೆ ಸಾಕು ಅನ್ನುವ ಮಾತಲ್ಲ. ನೀವು 48 ಹಿಡಿದುಕೊಳ್ಳಿ.

ಒಂದು ಗೊಂದಲ ಇಲ್ಲಿ ಬಹಳ ಜನಕ್ಕೆ ಆಗುತ್ತದೆ. 48 ಅಂದರೆ ಚಿತ್ರದ ಗಾತ್ರ ಅಲ್ಲ, ಬೆರಳು ತಾಗಿದರೆ ಕೆಲಸ ಮಾಡುವ ಜಾಗದ ಗಾತ್ರ. ಐಕಾನ್ 24 ಇರಲಿ, ಸುತ್ತ 12-12 ಖಾಲಿ ಜಾಗ ಸೇರಿಸಿ ಅದನ್ನೂ ಬಟನ್ ಆಗಿಸಿ. ನೋಡಲು ಅಚ್ಚುಕಟ್ಟು, ಒತ್ತಲು ಸಲೀಸು.

ಇದರ ಹಿಂದಿರುವುದು 1954ರಷ್ಟು ಹಳೆಯ ವಿಷಯ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು, ಕೈಯಲ್ಲಿ ಒಂದು ಕಡ್ಡಿ ಕೊಟ್ಟು ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೆ ಒಂದು ಬೇಗ ಬೇಗ ಮುಟ್ಟಲು ಹೇಳಿ ಅಳೆದರು. ಪಟ್ಟಿ ಸಣ್ಣದಾದಷ್ಟು, ದೂರ ಆದಷ್ಟು, ಹೊತ್ತು ಜಾಸ್ತಿ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಫೋನಿನಲ್ಲಿ ಇದನ್ನು ಎಷ್ಟು ಆ್ಯಪ್‌ಗಳು ಪಾಲಿಸುತ್ತವೆ ನೋಡಿ. ಪದೇ ಪದೇ ಬೇಕಾಗುವ ಬಟನ್ ಪರದೆಯ ಮೇಲಿನ ಮೂಲೆಯಲ್ಲಿ, ಒಂದೇ ಕೈಯಲ್ಲಿ ಹಿಡಿದವರ ಹೆಬ್ಬೆರಳು ಎಷ್ಟು ಚಾಚಿದರೂ ಸಿಗದ ಕಡೆ. ಸ್ಟೀವನ್ ಹೂಬರ್ ಎಂಬ ಮೊಬೈಲ್ ವಿನ್ಯಾಸಕರು 2013ರಲ್ಲಿ ರಸ್ತೆ, ಬಸ್ ನಿಲ್ದಾಣ, ರೈಲಿನಲ್ಲಿ ಜನ ಫೋನ್ ಬಳಸುವುದನ್ನು ಸುಮ್ಮನೆ ನಿಂತು ನೋಡಿ 1,333 ಸಲ ಬರೆದುಕೊಂಡರು. ಅವರಲ್ಲಿ ಪರದೆ ಮುಟ್ಟುತ್ತಿದ್ದವರ ಪೈಕಿ ಒಂದೇ ಕೈ ಬಳಸಿದವರು ಶೇ 49, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಒತ್ತಿದವರು ಶೇ 36, ಎರಡೂ ಹೆಬ್ಬೆರಳು ಬಳಸಿದವರು ಶೇ 15. ಆಗಿನದ್ದಕ್ಕಿಂತ ಈಗಿನ ಫೋನ್‌ಗಳು ದೊಡ್ಡವು, ಹೆಬ್ಬೆರಳು ಮಾತ್ರ ಅಷ್ಟೇ ಇದೆ. ಮುಖ್ಯ ಕೆಲಸ ಕೆಳಗಿನ ಅರ್ಧದಲ್ಲಿ ಇರಲಿ.

ಇನ್ನೊಂದು, 'ಅಳಿಸು' ಬಟನ್ 'ಉಳಿಸು' ಬಟನ್ ಪಕ್ಕಕ್ಕೆ ಅಂಟಿಕೊಂಡಿರುವುದು ಬೇಡವೇ ಬೇಡ. ನಡೆಯುತ್ತಾ, ಬಸ್ಸಿನಲ್ಲಿ ಓಲಾಡುತ್ತಾ ಒತ್ತುವ ಬೆರಳು ಒಂದಷ್ಟು ಆಚೀಚೆ ಬೀಳುತ್ತದೆ. ಕನ್ನಡದಲ್ಲಿ ಇವೆರಡರ ನಡುವೆ ಇರುವ ವ್ಯತ್ಯಾಸ ಒಂದೇ ಅಕ್ಷರ ಅನ್ನುವುದೂ ನೆನಪಿರಲಿ, ಓದುವ ಕಣ್ಣೂ ಜಾರುತ್ತದೆ.

ಪ್ರಶ್ನೆ: ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಆಯ್ಕೆ ಇರಬಾರದು ಅನ್ನುವುದು ನಿಜವಾ?

ಉತ್ತರ: ಇಲ್ಲ. ಜಾರ್ಜ್ ಮಿಲ್ಲರ್ ಎಂಬ ಮನಃಶಾಸ್ತ್ರಜ್ಞರು 1956ರಲ್ಲಿ ಬರೆದ 'ಏಳು, ಎರಡು ಹೆಚ್ಚು ಕಡಿಮೆ' ಅನ್ನುವ ಮಾತು, ಮನಸ್ಸಿನಲ್ಲಿ ಒಮ್ಮೆಗೆ ಎಷ್ಟು ಹಿಡಿದಿಟ್ಟುಕೊಳ್ಳಬಹುದು ಎಂಬುದರ ಬಗ್ಗೆ. ಮೆನು ಕಣ್ಣೆದುರೇ ಇರುತ್ತದೆ, ಅದನ್ನು ಯಾರೂ ಉರುಹೊಡೆಯಬೇಕಾಗಿಲ್ಲ. ಸರಿಯಾಗಿ ಗುಂಪು ಮಾಡಿದ ಹನ್ನೆರಡು ಆಯ್ಕೆ, ಅರ್ಥವಾಗದ ಹೆಸರಿನ ಐದಕ್ಕಿಂತ ಎಷ್ಟೋ ವಾಸಿ. ಪರದೆಯ ತಳದಲ್ಲಿರುವ ಬಟನ್ ಪಟ್ಟಿಯಲ್ಲಿ ಮೂರರಿಂದ ಐದು ಇಡಿ ಅನ್ನುತ್ತಾರಲ್ಲ, ಅದಕ್ಕೆ ಕಾರಣ ಬೇರೆ: ಆರನೆಯದು ಬಂದರೆ ಬೆರಳಿಗೆ ಜಾಗ ಸಾಲುವುದಿಲ್ಲ.

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ನೋಂದಣಿ ಫಾರ್ಮ್ ಇದೆ, 16 ಖಾನೆ. ತುಂಬಾ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಬಣ್ಣ ಬದಲಾಯಿಸಿ ನೋಡಿದೆವು, ಪ್ರಯೋಜನ ಆಗಲಿಲ್ಲ.

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ, ಯಾಕೆಂದರೆ ಜನ ಆ್ಯಪ್ ಬಿಟ್ಟು ಓಡುವುದು ಹೆಚ್ಚಾಗಿ ಇಲ್ಲೇ.

ನಮ್ಮ ದೊಡ್ಡಮ್ಮ ಒಂದು ಆ್ಯಪ್‌ನಲ್ಲಿ ಫಾರ್ಮ್ ತುಂಬುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಯಾವ ಆ್ಯಪ್ ಅನ್ನುವುದು ಬೇಡ. ಹೆಸರು, ವಿಳಾಸ ಎಲ್ಲ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಪ್ರತಿ ಖಾನೆಯಲ್ಲೂ ತಿಳಿ ಬೂದು ಬಣ್ಣದಲ್ಲಿ ಏನು ಬರೆಯಬೇಕು ಅಂತ ಇತ್ತು, ಆದರೆ ಒಂದು ಅಕ್ಷರ ಒತ್ತಿದ ಕೂಡಲೇ ಅದು ಮಾಯ. ನಡುವೆ ಒಮ್ಮೆ ತಲೆ ಎತ್ತಿ 'ಇಲ್ಲಿ ಏನು ಕೇಳಿದ್ದ?' ಅಂದರು. ಬರೆದದ್ದನ್ನೆಲ್ಲ ಅಳಿಸಿದರೆ ಮಾತ್ರ ಆ ಪ್ರಶ್ನೆ ವಾಪಸ್ ಕಾಣುತ್ತದೆ. ಫೋನ್ ನಂಬರನ್ನು ತಾವು ಯಾವಾಗಲೂ ಬರೆಯುವ ಹಾಗೆ ನಡುವೆ ಒಂದು ಜಾಗ ಬಿಟ್ಟು ಬರೆದರು. 'ಮುಂದೆ' ಒತ್ತಿದರು. ಪರದೆಯ ಮೇಲ್ಗಡೆ ಕೆಂಪಿನಲ್ಲಿ 'ಅಮಾನ್ಯ ಇನ್‌ಪುಟ್' ಅಂತ ಬಂತು. ಯಾವ ಖಾನೆ? ಹೇಳಿಲ್ಲ. ಏನು ತಪ್ಪು? ಹೇಳಿಲ್ಲ. ಕನ್ನಡಕ ಒರೆಸಿಕೊಂಡು ಮೇಲಿಂದ ಕೆಳಗೆ ಎರಡು ಸಲ ಓದಿದರು. ಅಷ್ಟರಲ್ಲಿ ಯಾರದ್ದೋ ಫೋನ್ ಬಂತು, ಮಾತಾಡಿ ವಾಪಸ್ ಬಂದು ನೋಡಿದರೆ ಎಲ್ಲ ಖಾನೆಯೂ ಖಾಲಿ. ಮರುದಿನ ಒಂದು ಹಾಳೆಯಲ್ಲಿ ಎಲ್ಲವನ್ನೂ ಪೆನ್ನಿನಲ್ಲಿ ಬರೆದಿಟ್ಟುಕೊಂಡು ಮತ್ತೆ ಕೂತರು. ಆ ಹಾಳೆ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಯಂತ್ರ ನೆನಪಿಟ್ಟುಕೊಳ್ಳಬೇಕಾದದ್ದನ್ನು ಒಬ್ಬ ಹಿರಿಯರು ಪೇಪರ್ ಮೇಲೆ ಬರೆದಿಡುತ್ತಿದ್ದರು.

ಇಲ್ಲಿ ಆದ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ, ನಿಮ್ಮ ಫಾರ್ಮ್‌ಗೆ ಉತ್ತರ ಅಲ್ಲೇ ಸಿಗುತ್ತದೆ. ಖಾನೆಯ ಹೆಸರು ಖಾನೆಯ ಮೇಲೆ ಇರಲಿ, ಒಳಗೆ ಅಲ್ಲ. ನಂಬರಿನಲ್ಲಿ ಜಾಗ ಬಿಟ್ಟರೆ, ಅಡ್ಡಗೆರೆ ಹಾಕಿದರೆ ಅದನ್ನು ತೆಗೆದುಹಾಕುವುದು ಪ್ರೋಗ್ರಾಮ್‌ಗೆ ಒಂದು ಸಾಲಿನ ಕೆಲಸ. ಅದನ್ನು ಮಾಡದೆ ಬಳಸುವವರಿಗೆ 'ಅಮಾನ್ಯ' ಅನ್ನುವುದು ಅನ್ಯಾಯ. ತಪ್ಪಿದ್ದರೆ ಆ ಖಾನೆಯ ಕೆಳಗೇ ಹೇಳಿ, ಏನು ಮಾಡಬೇಕು ಅಂತ ಹೇಳಿ: 'ಪಿನ್ ಕೋಡ್‌ನಲ್ಲಿ 6 ಅಂಕಿ ಇರಬೇಕು, ನೀವು 5 ಬರೆದಿದ್ದೀರಿ'. ಬರೆದದ್ದನ್ನು ಪ್ರತಿ ಖಾನೆ ದಾಟಿದಾಗಲೂ ಉಳಿಸಿಕೊಳ್ಳಿ, ಯಾಕೆಂದರೆ ಇದು ಫೋನ್, ಕರೆ ಬಂದೇ ಬರುತ್ತದೆ. ಆ್ಯಪ್ ಹಿನ್ನೆಲೆಗೆ ಸರಿದಾಗ ಮೆಮೊರಿ ಬೇಕೆಂದು ಆಂಡ್ರಾಯ್ಡ್ ಅದನ್ನು ಮುಚ್ಚಿಬಿಡಬಹುದು ಅಂತ ಮಾಡುವವರಿಗೆಲ್ಲ ಗೊತ್ತಿರುತ್ತದೆ, ಆದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಬಿಡುತ್ತಾರೆ.

ಕೀಲಿಮಣೆಯ ವಿಷಯ. ನಂಬರ್ ಖಾನೆಗೆ ಬೆರಳಿಟ್ಟರೆ ಅಂಕಿಗಳ ಕೀಲಿಮಣೆ ಬರಬೇಕು, ಇಮೇಲ್ ಖಾನೆಗೆ ಅಟ್ ಚಿಹ್ನೆ ಇರುವುದು ಬರಬೇಕು. ಕೋಡ್‌ನಲ್ಲಿ ಆ ಖಾನೆಯ ಒಂದು ಗುಣಲಕ್ಷಣ ಬದಲಾಯಿಸಿದರೆ ಆಗುವ ಕೆಲಸ ಇದು. ಪಾಸ್‌ವರ್ಡ್ ಖಾನೆಯಲ್ಲಿ ಬರೆದದ್ದನ್ನು ತೋರಿಸುವ ಕಣ್ಣಿನ ಗುರುತು ಇಡಿ, ಮತ್ತೆ ಪೇಸ್ಟ್ ಮಾಡುವುದನ್ನು ತಡೆಯಬೇಡಿ. ಪೇಸ್ಟ್ ತಡೆದರೆ ಭದ್ರತೆ ಹೆಚ್ಚುತ್ತದೆ ಅಂತ ಕೆಲವರು ಈಗಲೂ ನಂಬಿದ್ದಾರೆ. ಆಗುವುದು ತಿರುಗುಮುರುಗು, ಜನ ಟೈಪ್ ಮಾಡಲು ಸುಲಭವಾದ, ಊಹಿಸಲೂ ಸುಲಭವಾದ ಪಾಸ್‌ವರ್ಡ್ ಇಡುತ್ತಾರೆ. ಮೇಲೆ ಹೇಳಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.2ನೇ ಆವೃತ್ತಿಯಲ್ಲಿ ಈ ಬಗ್ಗೆಯೇ ನಿಯಮ ಇದೆ, ಲಾಗಿನ್ ಆಗಲು ಪಾಸ್‌ವರ್ಡ್ ನೆನಪಿಟ್ಟುಕೊಂಡು ಟೈಪ್ ಮಾಡುವುದೊಂದೇ ದಾರಿ ಆಗಬಾರದು ಅಂತ. ಅದೇ ಮಾರ್ಗಸೂಚಿ, ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಕೆಲಸದ ನಡುವೆ ಮತ್ತೆ ಕೇಳಬೇಡಿ ಅಂತಲೂ ಹೇಳುತ್ತದೆ.

ಕೊನೆಗೆ ಆ 16. ಪ್ರತಿ ಖಾನೆಯ ಎದುರು 'ಇದು ಇಲ್ಲದಿದ್ದರೆ ಇವತ್ತು ಯಾವ ಕೆಲಸ ನಿಲ್ಲುತ್ತದೆ?' ಅಂತ ಬರೆಯಿರಿ. ಉತ್ತರ ಇಲ್ಲದ ಖಾನೆ ತೆಗೆಯಿರಿ. ನನಗನ್ನಿಸುವುದು, ಅರ್ಧ ಖಾಲಿಯಾಗುತ್ತದೆ.

ಪ್ರಶ್ನೆ: ಅಳಿಸುವ ಮುನ್ನ 'ಖಚಿತವೇ?' ಅಂತ ಕೇಳುವುದು ಒಳ್ಳೆಯ ಅಭ್ಯಾಸ ಅಲ್ವಾ? ನಮ್ಮ ಆ್ಯಪ್‌ನಲ್ಲಿ ಎಲ್ಲ ಕಡೆ ಕೇಳುತ್ತೇವೆ. ಆದರೂ ಜನ ತಪ್ಪಾಗಿ ಅಳಿಸಿದೆವು ಅಂತ ದೂರು ಕೊಡುತ್ತಾರೆ.

ಉತ್ತರ: ಎಲ್ಲ ಕಡೆ ಕೇಳುವುದರಿಂದಲೇ ಹಾಗಾಗುತ್ತಿದೆ. ಹತ್ತು ಸಲ ಬಂದ ಪ್ರಶ್ನೆಗೆ ಹನ್ನೊಂದನೇ ಸಲ ಯಾರೂ ಓದಿ ಉತ್ತರ ಕೊಡುವುದಿಲ್ಲ, ಬೆರಳು ತಾನಾಗಿ 'ಸರಿ' ಒತ್ತುತ್ತದೆ. ಅದರ ಬದಲು ಕೆಲಸ ಮಾಡಿಬಿಡಿ, ಆಮೇಲೆ ವಾಪಸ್ ಪಡೆಯುವ ದಾರಿ ಕೊಡಿ. ಜಿಮೇಲ್‌ನಲ್ಲಿ ಕಳುಹಿಸಿದ ಮೇಲೂ 'ಅನ್‌ಡು' ಅಂತ ಬರುತ್ತಲ್ಲ, 5ರಿಂದ 30 ಸೆಕೆಂಡ್‌ವರೆಗೆ ಹೊಂದಿಸಿಕೊಳ್ಳಬಹುದು, ಆ ಥರ. ತಪ್ಪು ಮಾಡಿದ್ದು ಮನುಷ್ಯನಿಗೆ ಗೊತ್ತಾಗುವುದೇ ಮಾಡಿದ ಮರುಕ್ಷಣ, ಮಾಡುವ ಮುಂಚೆ ಅಲ್ಲ.

ನಿಜಕ್ಕೂ ವಾಪಸ್ ಪಡೆಯಲಾಗದ ಕೆಲಸಕ್ಕೆ ಮಾತ್ರ ಕೇಳಿ. ಕೇಳುವಾಗ ಬಟನ್ ಮೇಲೆ ಕೆಲಸದ ಹೆಸರನ್ನೇ ಬರೆಯಿರಿ. ನಾನು ಕಣ್ಣಾರೆ ನೋಡಿದ ಒಂದು ಪರದೆ: 'ಬುಕಿಂಗ್ ಕ್ಯಾನ್ಸಲ್ ಮಾಡಬೇಕೆ?' ಅಂತ ಪ್ರಶ್ನೆ. ಕೆಳಗೆ ಎರಡು ಬಟನ್, 'ಕ್ಯಾನ್ಸಲ್' ಮತ್ತು 'ಓಕೆ'. ಬುಕಿಂಗ್ ಬೇಡ ಅನ್ನುವವರು ಯಾವುದು ಒತ್ತಬೇಕು? ಕ್ಯಾನ್ಸಲ್ ಒತ್ತಿದರೆ ಕ್ಯಾನ್ಸಲ್ ಮಾಡುವುದು ಕ್ಯಾನ್ಸಲ್ ಆಗುತ್ತದೆ. 'ಬುಕಿಂಗ್ ರದ್ದು ಮಾಡಿ', 'ಬುಕಿಂಗ್ ಇರಲಿ' ಅಂತ ಬರೆದಿದ್ದರೆ ಮುಗಿದುಹೋಗುತ್ತಿತ್ತು.

ಪ್ರಶ್ನೆ: ಬಟನ್ ಒತ್ತಿದರೆ ಏನೂ ಆಗಲ್ಲ, ಮತ್ತೆ ಒತ್ತಿದರೆ ಎರಡು ಸಲ ಹಣ ಹೋಗಿರುತ್ತದೆ. ನಮ್ಮ ತಪ್ಪಾ?

ಉತ್ತರ: ಖಂಡಿತ ಅಲ್ಲ. ಒತ್ತಿದ್ದು ತಲುಪಿದೆ ಅಂತ ತಿಳಿಸಬೇಕಾದದ್ದು ಆ್ಯಪ್‌ನ ಕರ್ತವ್ಯ. 1968ರಲ್ಲಿ ರಾಬರ್ಟ್ ಮಿಲ್ಲರ್ ಎಂಬುವರು, ಇವರು ಮೇಲೆ ಹೇಳಿದ ಮಿಲ್ಲರ್ ಅಲ್ಲ, ಕಂಪ್ಯೂಟರ್ ಎಷ್ಟು ಬೇಗ ಉತ್ತರಿಸಬೇಕು ಅಂತ ಬರೆದರು. ಆಮೇಲೆ ನೀಲ್ಸನ್ ಅದನ್ನು ಮೂರು ಅಂಕಿಗೆ ಇಳಿಸಿ ಜನಪ್ರಿಯ ಮಾಡಿದರು. 0.1 ಸೆಕೆಂಡ್ ಒಳಗೆ ಆದರೆ ಕೂಡಲೇ ಆಯಿತು ಅನ್ನಿಸುತ್ತದೆ. 1 ಸೆಕೆಂಡ್‌ವರೆಗೆ ತಡ ಗೊತ್ತಾದರೂ ಯೋಚನೆ ತುಂಡಾಗುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಹಾಗಾಗಿ ಸರ್ವರ್, ಅಂದರೆ ಆ್ಯಪ್‌ನ ಕೋರಿಕೆಗೆ ಉತ್ತರಿಸುವ ಆಚೆ ಕಡೆಯ ಕಂಪ್ಯೂಟರ್, ಎಷ್ಟೇ ನಿಧಾನ ಇರಲಿ, ಬಟನ್ ಮಾತ್ರ ಒತ್ತಿದ ಕ್ಷಣವೇ ಬಣ್ಣ ಬದಲಾಯಿಸಿ 'ಕಳುಹಿಸಲಾಗುತ್ತಿದೆ' ಅನ್ನಬೇಕು, ಮತ್ತೆ ಒತ್ತಲು ಬಿಡಬಾರದು. ಅದರ ಜೊತೆಗೆ, ಒಂದೇ ಕೋರಿಕೆ ಎರಡು ಸಲ ಬಂದರೆ ಎರಡನೆಯದನ್ನು ಗುರುತಿಸಿ ಬಿಟ್ಟುಬಿಡುವ ವ್ಯವಸ್ಥೆ ಸರ್ವರ್‌ನಲ್ಲೂ ಇರಬೇಕು. ಹಣದ ವಿಷಯದಲ್ಲಿ ಪರದೆಯನ್ನಷ್ಟೇ ನಂಬಿ ಕೂರುವ ಹಾಗಿಲ್ಲ.

ಪ್ರಶ್ನೆ: ಆ್ಯಪ್‌ಗಳಲ್ಲಿ ಕನ್ನಡ ಆಯ್ಕೆ ಮಾಡಿದರೆ ಓದಲು ಇನ್ನೂ ಕಷ್ಟ. ಅಕ್ಷರ ತುಂಡಾಗಿರುತ್ತದೆ, ಬಿಸಿಲಿನಲ್ಲಿ ಕಾಣುವುದೂ ಇಲ್ಲ. ಕೊನೆಗೆ ಇಂಗ್ಲಿಷ್‌ಗೇ ವಾಪಸ್ ಹೋಗುತ್ತೇನೆ.

ಉತ್ತರ: ನಿಮ್ಮ ಹಾಗೆ ವಾಪಸ್ ಹೋದವರನ್ನು ಲೆಕ್ಕ ಹಾಕಿ 'ಕನ್ನಡ ಯಾರೂ ಬಳಸುವುದಿಲ್ಲ' ಅನ್ನುತ್ತಾರೆ. ಅದು ಬಹಳ ನೋವಿನ ವಿಷಯ, ಯಾಕೆಂದರೆ ದೋಷ ಇರುವುದು ಭಾಷೆಯಲ್ಲಲ್ಲ.

ಬಹಳಷ್ಟು ಪರದೆಗಳನ್ನು ಅಳೆದು ಮಾಡುವುದು ಇಂಗ್ಲಿಷ್ ಅಕ್ಷರ ಇಟ್ಟು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ಎತ್ತರ ಬಿಗಿಯಾಗಿದ್ದರೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. 'ಮುಚ್ಚಿ' ಹೋಗಿ 'ಮುಚಿ' ಆಗುತ್ತದೆ, 'ಒಪ್ಪಿಗೆ' 'ಒಪಿಗೆ' ಆಗುತ್ತದೆ. ಮಾಡುವವರು ಓದುತ್ತಿದ್ದರೆ: ಸಾಲಿನ ಎತ್ತರ ಅಕ್ಷರ ಗಾತ್ರದ ಒಂದೂವರೆ ಪಟ್ಟಾದರೂ ಇಡಿ, ಬಟನ್ ಎತ್ತರ, ಅಗಲ ಎರಡನ್ನೂ ಒಂದು ಅಂಕಿಗೆ ಕಟ್ಟಿಹಾಕಬೇಡಿ, ಒಳಗಿನ ಪದಕ್ಕೆ ತಕ್ಕ ಹಾಗೆ ಹಿಗ್ಗಲಿ. ಬಳಸುವವರು ಅಕ್ಷರ ದೊಡ್ಡದು ಮಾಡಿಕೊಂಡಾಗಲೂ ಇದೇ ಕಾಪಾಡುತ್ತದೆ. ಆಂಡ್ರಾಯ್ಡ್ 14ರಿಂದ, ಅಂದರೆ 2023ರಿಂದ, ಶೇ 200ರವರೆಗೆ ಹಿಗ್ಗಿಸಬಹುದು. ನಿಮ್ಮ ಪರದೆಯನ್ನು ಆ ಗಾತ್ರದಲ್ಲಿ ಒಮ್ಮೆ ತೆರೆದು ನೋಡಿ.

ಇನ್ನೊಂದು, ಪದಗಳನ್ನು ಜೋಡಿಸುವ ರೀತಿ. ಇಂಗ್ಲಿಷ್‌ನಲ್ಲಿ ಹೆಸರಿನ ಹಿಂದೆ ಒಂದು ಪದ ಇಟ್ಟರೆ ವಾಕ್ಯ ಆಗುತ್ತದೆ. ಅದನ್ನೇ ಕನ್ನಡಕ್ಕೆ ತಂದು ಹೆಸರಿನ ಮುಂದೆ 'ಗೆ' ಅಂಟಿಸುತ್ತಾರೆ, 'ಅಮ್ಮ ಗೆ ಕಳುಹಿಸಿ' ಅಂತ ಬರುತ್ತದೆ. ನಮ್ಮಲ್ಲಿ ಅಮ್ಮನಿಗೆ, ಊರಿಗೆ, ಮರಕ್ಕೆ, ಪ್ರತಿಯೊಂದಕ್ಕೂ ಬೇರೆ. ಎಲ್ಲ ಹೆಸರಿಗೂ ಸರಿಹೊಂದುವ ಪ್ರತ್ಯಯ ಹುಡುಕುವ ಬದಲು ವಾಕ್ಯವನ್ನೇ ಬಿಡಿಸಿ: 'ಯಾರಿಗೆ: ಅಮ್ಮ'. ಎಷ್ಟು ಹಗುರ ಆಯಿತು ನೋಡಿ.

ಬಿಸಿಲಿನ ವಿಷಯಕ್ಕೆ ಅಳತೆ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಇರುವ ವ್ಯತ್ಯಾಸವನ್ನು ಕಾಂಟ್ರಾಸ್ಟ್ ಅನ್ನುತ್ತಾರೆ. ಬಿಳಿ ಮೇಲೆ ಕಪ್ಪು ಅಕ್ಷರದ ಕಾಂಟ್ರಾಸ್ಟ್ 21ಕ್ಕೆ 1. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು. ಬಿಳಿ ಮೇಲೆ ತಿಳಿ ಬೂದು ನೋಡಲು ಎಷ್ಟೇ ನಯವಾಗಿರಲಿ, ಈ ಗಡಿಯನ್ನು ಮುಟ್ಟುವುದೇ ಇಲ್ಲ. ಬಣ್ಣವನ್ನೇ ನಂಬಿ ಸುದ್ದಿ ಹೇಳುವುದೂ ಬೇಡ, ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಯಾವುದಾದರೂ ಬಗೆಯ ಬಣ್ಣದ ಗೊಂದಲ ಇರುತ್ತದೆ, ಹೆಚ್ಚಾಗಿ ಕೆಂಪು ಹಸಿರಿನದ್ದೇ. ಕೆಂಪು ಚುಕ್ಕೆಯ ಪಕ್ಕ 'ವಿಫಲ' ಅಂತ ಒಂದು ಪದ ಬರೆಯಲು ಎಷ್ಟು ಜಾಗ ಬೇಕು ಹೇಳಿ.

ಪ್ರಶ್ನೆ: ನಾವು ಇಬ್ಬರೇ ಸೇರಿ ಆ್ಯಪ್ ಮಾಡುತ್ತಿದ್ದೇವೆ. ಪರೀಕ್ಷೆ ಮಾಡಿಸಲು ದೊಡ್ಡ ಕಂಪನಿಗಳ ಹಾಗೆ ಹಣವಿಲ್ಲ. ಸ್ನೇಹಿತರೆಲ್ಲ 'ಚೆನ್ನಾಗಿದೆ' ಅನ್ನುತ್ತಾರೆ. ಸಾಕಾ?

ಉತ್ತರ: ಸಾಲದು, ಆದರೆ ಹಣವೂ ಬೇಡ. 'ಹೇಗಿದೆ?' ಅಂತ ಕೇಳಿದರೆ ಯಾರಾದರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ನಿಮ್ಮ ಮುಖ ನೋಡಿಕೊಂಡು ಇನ್ನೇನು ಹೇಳಿಯಾರು. ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ, ಕೈ ನೋಡಿ.

ಐದು ಜನ ಸಾಕು ಅನ್ನುವ ಮಾತು ಕೇಳಿರಬಹುದು. ನೀಲ್ಸನ್ 2000ದಲ್ಲಿ ಬರೆದದ್ದು ಅದು. ಅವರೂ ಥಾಮಸ್ ಲ್ಯಾಂಡವರ್ ಎಂಬ ಇನ್ನೊಬ್ಬ ಸಂಶೋಧಕರೂ ಮೊದಲೇ ಮಾಡಿದ್ದ ಲೆಕ್ಕದ ಪ್ರಕಾರ, ಒಬ್ಬರನ್ನು ಕೂರಿಸಿ ನೋಡಿದರೆ ಸರಾಸರಿ ಶೇ 31ರಷ್ಟು ತೊಡಕುಗಳು ಕಾಣುತ್ತವೆ, ಐದು ಜನರಾಗುವ ಹೊತ್ತಿಗೆ ಶೇ 85ರ ಹತ್ತಿರ. ಇದು ಸರಾಸರಿ ಲೆಕ್ಕ, ಪ್ರತಿ ಆ್ಯಪ್‌ಗೂ ಹೀಗೇ ಆಗುತ್ತದೆ ಅಂತಲ್ಲ. ನಿಮ್ಮ ಆ್ಯಪ್ ಬಳಸುವವರಲ್ಲಿ ವಿದ್ಯಾರ್ಥಿಗಳೂ ಹಿರಿಯರೂ ಇದ್ದರೆ ಎರಡೂ ಗುಂಪಿನಿಂದ ಬೇರೆ ಬೇರೆಯಾಗಿ ಜನ ಬೇಕು. ಆದರೆ ಇದರ ಹಿಂದಿನ ಯೋಚನೆ ಗಟ್ಟಿಯಾದದ್ದು. ಹದಿನೈದು ಜನರನ್ನು ಒಂದೇ ಸಲ ಕೂರಿಸುವ ಬದಲು ಐದು ಜನ, ತಿದ್ದಿ, ಮತ್ತೆ ಐದು ಜನ, ಮತ್ತೆ ತಿದ್ದಿ.

ಕೂರಿಸುವ ಕ್ರಮ ಹೇಳುತ್ತೇನೆ. ಕೆಲಸವನ್ನು ಅವರ ಮಾತಿನಲ್ಲಿ ಕೊಡಿ, ಬಟನ್ ಮೇಲಿರುವ ಪದ ಬಾಯಿಂದ ಬರಬಾರದು. 'ಜ್ಞಾಪನೆ ಸೇರಿಸಿ ಬಟನ್ ಒತ್ತಿ' ಅಂದರೆ ನೀವೇ ದಾರಿ ತೋರಿಸಿದ ಹಾಗಾಯಿತು. 'ನಾಳೆ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುವುದನ್ನು ಇದು ನೆನಪಿಸಬೇಕು, ಮಾಡಿ ನೋಡಿ' ಅನ್ನಿ. ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಮಾಡಲಿ. ಪರೀಕ್ಷೆ ಆಗುತ್ತಿರುವುದು ಆ್ಯಪ್‌ಗೆ, ನಿಮಗಲ್ಲ ಅಂತ ಮೊದಲೇ ಹೇಳಿ. ಆಮೇಲೆ ಸುಮ್ಮನಿರಿ. ಇದೇ ಅತಿ ಕಷ್ಟದ ಭಾಗ. ಅವರ ಬೆರಳು ಸರಿಯಾದ ಬಟನ್ ಪಕ್ಕದಲ್ಲೇ ಸುಳಿದಾಡುತ್ತಿರುವಾಗ ನಾಲಿಗೆ ತುದಿಗೆ ಮಾತು ಬರುತ್ತದೆ. ತಡೆದುಕೊಳ್ಳಿ. 'ಇದು ಒತ್ತಲಾ?' ಅಂತ ಕೇಳಿದರೆ 'ಒತ್ತಿದರೆ ಏನಾಗಬಹುದು ಅನ್ನಿಸುತ್ತದೆ?' ಅಂತ ವಾಪಸ್ ಕೇಳಿ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು, ಯಾವ ಪದ ಎರಡು ಸಲ ಓದಿದರು, ಅಷ್ಟನ್ನು ಬರೆದುಕೊಳ್ಳಿ.

ನಾನು ಒಮ್ಮೆ ಟಿಪ್ಪಣಿ ಬರೆದಿಡುವ ಸಣ್ಣ ಆ್ಯಪ್ ಒಂದನ್ನು ಹೀಗೆ ಕೂರಿಸಿ ನೋಡಿದ್ದೆ. ಬರೆದು ಮುಗಿದ ಮೇಲೆ ಬಲಗಡೆ ಮೇಲೆ ಸರಿ ಗುರುತನ್ನು ಒತ್ತಿದರೆ ಉಳಿಯುತ್ತಿತ್ತು. ಐದರಲ್ಲಿ ನಾಲ್ಕು ಜನ ಬರೆದು ಮುಗಿಸಿ ನೇರ ಹಿಂದೆ ಹೋದರು, ಟಿಪ್ಪಣಿ ಕಳೆದುಹೋಯಿತು. ಆ ಗುರುತನ್ನು ದೊಡ್ಡದು ಮಾಡೋಣ, ಹಸಿರು ಮಾಡೋಣ ಅಂತ ಯೋಚಿಸುತ್ತಿದ್ದೆ. ನಾಲ್ಕನೆಯವರು ಫೋನ್ ಕೆಳಗಿಡುತ್ತಾ 'ಪುಸ್ತಕದಲ್ಲಿ ಬರೆದ ಮೇಲೆ ಉಳಿಸು ಅಂತ ಹೇಳಬೇಕಾ?' ಅಂದರು. ಅವತ್ತು ಸಂಜೆ ಆ ಗುರುತನ್ನೇ ತೆಗೆದುಹಾಕಿ, ಬರೆದದ್ದೆಲ್ಲ ತಾನಾಗಿ ಉಳಿಯುವ ಹಾಗೆ ಮಾಡಿದೆ.

ನಿಮಗೆ ಇವತ್ತು ಮೂರೇ ಜನ ಸಿಕ್ಕರೆ ಮೂವರನ್ನೇ ಕೂರಿಸಿ. ಉಳಿದಿಬ್ಬರನ್ನು ತಿದ್ದಿದ ಆವೃತ್ತಿಗೆ ಇಟ್ಟುಕೊಳ್ಳಿ. ನಿಮ್ಮಿಬ್ಬರಲ್ಲಿ ಒಬ್ಬರು ಬರೆದುಕೊಳ್ಳಲಿ, ಆ ಪರದೆಯ ಕೋಡ್ ಬರೆದವರು ಹಿಂದೆ ಕೂತು ನೋಡಲಿ.